ಜೈವಿಕ ಇದ್ದಿಲು, ಮಣ್ಣಿನ ಆಮ್ಲೀಯತೆ ಮತ್ತು ಸಾರಜನಕದ ಅನಿಲ ನಷ್ಟ: ಉಳ್ಳಾರ್ತಿ ಕಾವಲ್ ಸುತ್ತಲಿನ ರೈತರಿಗೆ ಮಾಹಿತಿ

ಕೃಷಿ ತ್ಯಾಜ್ಯವನ್ನು ಗಾಳಿಯಾಡದಂತೆ ಮುಚ್ಚಿ, ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯಿಸಿದಾಗ ಉಳಿಯುವ ಇಂಗಾಲಪ್ರಧಾನ ವಸ್ತುವೇ ಜೈವಿಕ ಇದ್ದಿಲು (ಬಯೋಚಾರ್). ಬಯಲಿನಲ್ಲಿ ಸುಟ್ಟು ಪಡೆದ ಬೂದಿಯು ಜೈವಿಕ ಇದ್ದಿಲಲ್ಲ. ಇದನ್ನು ಮಣ್ಣಿಗೆ ಸೇರಿಸಿದರೆ ಗೊಬ್ಬರದ ಸಾರಜನಕವು ಅನಿಲವಾಗಿ ಹಾರಿಹೋಗುವುದು ತಗ್ಗುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಆಮ್ಲೀಯ ಮಣ್ಣಿನ ಮಟ್ಟಿಗೆ ಈ ಮಾತಿಗೆ ಆಧಾರವಿದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಜಮೀನುಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಆಮ್ಲೀಯ ಮಣ್ಣಿನಲ್ಲಿ ನಡೆಯುವ ಕ್ರಿಯೆ

ಯೂರಿಯಾ ಅಥವಾ ಸಗಣಿ ಗೊಬ್ಬರದ ಸಾರಜನಕವು ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗಿ, ನಂತರ ನೈಟ್ರೇಟ್ ಆಗಿ ಮಾರ್ಪಡುತ್ತದೆ. ಮಳೆ ಬಿದ್ದು ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಗಾಳಿ ಕಡಿಮೆಯಾದಾಗ, ಕೆಲವು ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ನೈಟ್ರೇಟನ್ನು ಬಳಸಿಕೊಳ್ಳುತ್ತವೆ. ಈ ಕ್ರಿಯೆಯು ಹಂತ ಹಂತವಾಗಿ ಸಾಗಿ ನೈಟ್ರಸ್ ಆಕ್ಸೈಡ್ ಅನಿಲವನ್ನು, ಕೊನೆಯಲ್ಲಿ ಶುದ್ಧ ಸಾರಜನಕ ಅನಿಲವನ್ನು ಉಂಟುಮಾಡುತ್ತದೆ. ಶುದ್ಧ ಸಾರಜನಕವು ವಾಯುಮಂಡಲದ ಶೇ. 78 ಭಾಗವಾಗಿದ್ದು ನಿರುಪದ್ರವಿ. ನೈಟ್ರಸ್ ಆಕ್ಸೈಡ್ ಹಾಗಲ್ಲ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ ಸುಮಾರು 273 ಕಿಲೋಗೆ ಸಮನಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಓಝೋನ್ ಪದರಕ್ಕೂ ಅದರಿಂದ ಹಾನಿಯುಂಟು.

ಕೊನೆಯ ಹಂತವನ್ನು ನಡೆಸುವ ಕಿಣ್ವವು ಆಮ್ಲೀಯ ಮಣ್ಣಿನಲ್ಲಿ ಸರಿಯಾಗಿ ರೂಪುಗೊಳ್ಳುವುದಿಲ್ಲ. ಆದುದರಿಂದ ಕ್ರಿಯೆ ನಡುವಿನಲ್ಲಿಯೇ ನಿಂತು, ಹೆಚ್ಚಿನ ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೊರಬೀಳುತ್ತದೆ. ಜೈವಿಕ ಇದ್ದಿಲು ಬಹುಮಟ್ಟಿಗೆ ಕ್ಷಾರಗುಣವುಳ್ಳದ್ದು. ಅದು ಮಣ್ಣಿನ ರಸಸಾರವನ್ನು ಏರಿಸುವುದರಿಂದ ಕೊನೆಯ ಹಂತವು ಪೂರ್ಣಗೊಳ್ಳಲು ಅನುಕೂಲವಾಗುತ್ತದೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ನೈಟ್ರಸ್ ಆಕ್ಸೈಡ್ ಸರಾಸರಿ ಶೇ. 49ರಷ್ಟು ತಗ್ಗಿದ್ದು ಕಂಡುಬಂದಿತು. ಹೊಲದ ಪ್ರಯೋಗಗಳನ್ನಷ್ಟೇ ಪರಿಗಣಿಸಿದಾಗ ಇಳಿಕೆ ಶೇ. 28 ಮಾತ್ರ. ಮಾರಾಟಗಾರರು ಹೇಳುವ ಅಂಕಿ ಯಾವ ಬಗೆಯ ಪ್ರಯೋಗದ್ದೆಂದು ಕೇಳಿ ತಿಳಿಯುವುದು ಒಳಿತು. ತೀವ್ರ ಆಮ್ಲೀಯ ಮಣ್ಣಿನಲ್ಲಿ ರಸಸಾರ ಏರಿದಾಗ ಅಮೋನಿಯಂ ಬೇಗನೆ ನೈಟ್ರೇಟ್ ಆಗಿ, ಅನಿಲದ ಪ್ರಮಾಣವು ಹೆಚ್ಚಿರುವ ಪ್ರಯೋಗಗಳೂ ಇವೆ.

ರಾಜ್ಯದಲ್ಲಿ ಇಂತಹ ಮಣ್ಣು ಅಧಿಕ ಮಳೆ ಬೀಳುವ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಹಾಗೂ ಕರಾವಳಿಯಲ್ಲಿದೆ. ಅಲ್ಲಿ ಮಳೆಯ ನೀರು ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿರುತ್ತದೆ.

ಉಳ್ಳಾರ್ತಿ ಕಾವಲ್ ಪ್ರದೇಶದ ಸ್ಥಿತಿ

ಚಳ್ಳಕೆರೆ ತಾಲ್ಲೂಕಿನ ವಾರ್ಷಿಕ ಮಳೆ 500 ಮಿ.ಮೀ. ಆಸುಪಾಸಿನದು. ಇಲ್ಲಿನ ಕೆಂಪು ಮತ್ತು ಕಪ್ಪು ಮಣ್ಣು ಸಾಮಾನ್ಯವಾಗಿ ತಟಸ್ಥ ಅಥವಾ ಕ್ಷಾರೀಯ. ಮರಳು ಮಿಶ್ರಿತ ಕೆಲವು ಕೆಂಪು ಜಮೀನುಗಳು ಮಾತ್ರ ತುಸು ಆಮ್ಲೀಯವಾಗಿರಬಹುದು. ವರ್ಷದ ಬಹುಭಾಗ ಒಣಗಿರುವ ಹೊಲದಲ್ಲಿ ನೈಟ್ರಸ್ ಆಕ್ಸೈಡಿಗಿಂತ ಹೆಚ್ಚಾಗಿ ಗಮನಿಸಬೇಕಾದ ನಷ್ಟ ಬೇರೆಯದು. ಮೇಲೆ ಎರಚಿದ ಯೂರಿಯಾ ಕ್ಷಾರೀಯ ಮಣ್ಣಿನಲ್ಲಿ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಅಂತಹ ಹೊಲಕ್ಕೆ ಕ್ಷಾರಗುಣದ ಹೊಸ ಇದ್ದಿಲನ್ನೂ ಸೇರಿಸಿದರೆ ಈ ನಷ್ಟ ತಗ್ಗುವ ಬದಲು ಹೆಚ್ಚುವ ಸಂಭವವಿದೆ. ಇದ್ದಿಲಿಗೂ ಹಣ ತೆತ್ತು ಯೂರಿಯಾವನ್ನೂ ಕಳೆದುಕೊಂಡಂತಾಗುತ್ತದೆ. ಯೂರಿಯಾವನ್ನು ಹಸಿ ಇರುವ ಮಣ್ಣಿಗೆ ಕೊಟ್ಟು ಕೂಡಲೇ ಮಣ್ಣು ಮುಚ್ಚುವುದು ಇದಕ್ಕಿಂತ ಅಗ್ಗದ ಉಪಾಯ.

ಹಾಗೆಂದು ಜೈವಿಕ ಇದ್ದಿಲು ಇಲ್ಲಿ ನಿರುಪಯುಕ್ತವೆಂದಲ್ಲ. ಮರಳು ಮಿಶ್ರಿತ ಮಣ್ಣಿನಲ್ಲಿ ತೇವ ಹಿಡಿದಿಡಲು ಅದು ನೆರವಾಗಬಲ್ಲದು. ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಕಳಿಸಿದ ನಂತರ ಸಣ್ಣ ತಾಕಿನಲ್ಲಿ ಬಳಸಿ ನೋಡುವುದು ಸೂಕ್ತ. ಕಚ್ಚಾವಸ್ತುವಾಗಿ ಬಳ್ಳಾರಿ ಜಾಲಿ ಮತ್ತು ಎಣ್ಣೆ ಗಿರಣಿಗಳ ಶೇಂಗಾ ಸಿಪ್ಪೆ ಈ ಭಾಗದಲ್ಲಿ ದೊರೆಯುತ್ತವೆ. ಶೇಂಗಾ ಬಳ್ಳಿಯನ್ನಾಗಲಿ ಕಾವಲಿನ ಹುಲ್ಲನ್ನಾಗಲಿ ಸುಡುವುದು ತರವಲ್ಲ, ಅವು ಮೇವು. ಅಮೃತ ಮಹಲ್ ಕಾವಲಾಗಿದ್ದ ಉಳ್ಳಾರ್ತಿಯ ಭೂಮಿಯ ಭಾಗಗಳು ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೋ ಸಂಸ್ಥೆಗಳಿಗೆ ಹೋದ ಮೇಲೆ ಸುತ್ತಲಿನ ಕುರಿ, ದನಗಳಿಗೆ ಮೇಯಲು ಉಳಿದಿರುವ ನೆಲ ಮೊದಲಿನಷ್ಟಿಲ್ಲ.

ಮಣ್ಣು ಪರೀಕ್ಷೆಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಇದ್ದಿಲು ಕೊಳ್ಳುವ ಮುನ್ನ ಜಮೀನಿನ ರಸಸಾರವನ್ನು ತಿಳಿಯುವುದು ಅಗತ್ಯ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಚೀಟಿಯಲ್ಲಿ ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ ಸೇರಿ 12 ಅಂಶಗಳನ್ನು ನಮೂದಿಸಲಾಗುತ್ತದೆ. ಮಣ್ಣು ಪರೀಕ್ಷೆಯ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ತಾಂತ್ರಿಕ ಸಲಹೆಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಪಹಣಿಯಲ್ಲಿರುವ ಸರ್ವೆ ನಂಬರನ್ನು ಮಾದರಿಯ ಚೀಟಿಯಲ್ಲಿ ಬರೆಯತಕ್ಕದ್ದು.

ಹೊಲದ 10ರಿಂದ 15 ಕಡೆ 15 ಸೆಂ.ಮೀ. ಆಳದವರೆಗೆ ಇಂಗ್ಲಿಷ್ 'ವಿ' ಅಕ್ಷರದಾಕಾರದ ಗುಣಿ ತೋಡಿ, ಅದರ ಪಕ್ಕದಿಂದ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ ಅರ್ಧ ಕಿಲೋ ಉಳಿಸಿಕೊಳ್ಳತಕ್ಕದ್ದು. ಬದುವಿನ ಅಂಚು, ಮರದ ನೆರಳು, ತಿಪ್ಪೆ ಇದ್ದ ಜಾಗ ಹಾಗೂ ಇತ್ತೀಚೆಗೆ ಗೊಬ್ಬರ ಹಾಕಿದ ಸಾಲುಗಳನ್ನು ಬಿಡಬೇಕು. ಈಗಾಗಲೇ ಇದ್ದಿಲು ಅಥವಾ ಬೂದಿ ಹಾಕಿರುವ ತಾಕಿನ ಮಣ್ಣನ್ನು ಉಳಿದ ಮಣ್ಣಿನೊಡನೆ ಬೆರೆಸದೆ, ಪ್ರತ್ಯೇಕ ಮಾದರಿಯಾಗಿ ಕೊಡಲು ಕೋರಲಾಗಿದೆ.