ಅಪ್ಪನ ಎಲೆಕ್ಟ್ರಿಕ್ ಸೈಕಲ್ಲೂ, 1881ರ ಪ್ಯಾರಿಸ್ಸೂ

ಆಫೀಸಿನ ಕೆಲಸದ ಜೊತೆಗೆ ಅಪ್ಪನ ಸೈಕಲ್ಲಿನ ಬ್ಯಾಟರಿಯೂ ತಲೆ ತಿಂದಿತ್ತು :-)

ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಹಾಲಿನ ಡೈರಿಗೆ ಹೋಗಬೇಕೆಂದರೆ ಒಂದು ದೊಡ್ಡ ಏರು ಹತ್ತಬೇಕು. ಅಪ್ಪನ ಮಂಡಿನೋವು ನೋಡಿ ಕಳೆದ ವರ್ಷ ಎಲೆಕ್ಟ್ರಿಕ್ ಸೈಕಲ್ ಕೊಡಿಸಿದ್ದೆ. ಆರೇ ತಿಂಗಳಿಗೆ ಅದು ಏರಿನ ಮಧ್ಯೆ ನಿಲ್ಲತೊಡಗಿತು. ಒಂದು ನಿಮಿಷ ಬಿಟ್ಟರೆ ಮತ್ತೆ ಫುಲ್ ಚಾರ್ಜ್ ತೋರಿಸುತ್ತಿತ್ತು! ಅಂಗಡಿಯವರು ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ, ಮೀಟರ್ ಹಿಡಿದು, "53.5 ವೋಲ್ಟ್ ಇದೆ, ಬ್ಯಾಟರಿ ಚೆನ್ನಾಗಿದೆ ಸಾರ್" ಅಂದುಬಿಟ್ಟರು. ಅಪ್ಪ ಹಾಲಿನ ಕ್ಯಾನ್ ಸಮೇತ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದುದು ಅಮ್ಮ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.

ಬ್ಯಾಟರಿಯ ಹೊಟ್ಟೆಯಲ್ಲಿ ನಿಜಕ್ಕೂ ಎಷ್ಟಿದೆ ಅಂತ ತಿಳಿಯೋದು ಹೇಗೆ? ಈ ಪ್ರಶ್ನೆ ವಿದ್ಯುತ್ ವಾಹನಗಳಷ್ಟೇ ಹಳೆಯದು.

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಮಾಡಿದ. 1881ರ ಏಪ್ರಿಲಿನಲ್ಲಿ ಗುಸ್ತಾವ್ ಟ್ರೂವೆ ಎಂಬಾತ ಪ್ಯಾರಿಸ್ಸಿನ ಬೀದಿಯಲ್ಲಿ ವಿದ್ಯುತ್ತಿನ ಮೂರು ಚಕ್ರದ ಸೈಕಲ್ ಓಡಿಸಿದ. ಮರುವರ್ಷ ಲಂಡನ್ನಿನಲ್ಲಿ ಏರ್ಟನ್ ಮತ್ತು ಪೆರಿ ಎಂಬ ಇಬ್ಬರು ಪ್ರೊಫೆಸರುಗಳು ಇನ್ನೊಂದನ್ನು ಕಟ್ಟಿದರು. ತಮಾಷೆ ಏನು ಗೊತ್ತಾ? ವಿದ್ಯುತ್ ಅಳೆಯುವ, ಕೈಯಲ್ಲಿ ಒಯ್ಯಬಹುದಾದ ಮೀಟರುಗಳನ್ನು ರೂಪಿಸಿದವರಲ್ಲೂ ಇದೇ ಜೋಡಿಯ ಹೆಸರು ಮುಂದಿದೆ. ಗಾಡಿಯೂ ಅಳತೆಯೂ ಒಂದೇ ಮನೆಯಲ್ಲಿ ಬೆಳೆದವು.

ಆದರೆ ಸುಮ್ಮನೆ ಕೂತ ಬ್ಯಾಟರಿಯ ವೋಲ್ಟೇಜ್ ಪೂರ್ತಿ ಸತ್ಯ ಹೇಳುವುದಿಲ್ಲ. ಸೀಸದ ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದಷ್ಟೂ ಸಿಗುವ ಒಟ್ಟು ಚಾರ್ಜ್ ಕಡಿಮೆಯಾಗುತ್ತದೆ ಎಂದು 1897ರಲ್ಲಿ ಜರ್ಮನಿಯ ಪಾಯ್ಕರ್ಟ್ ಲೆಕ್ಕ ಹಾಕಿ ತೋರಿಸಿದ. ಏರು ಹತ್ತಿಸದೆ ಎತ್ತಿನ ಬಲ ತಿಳಿಯದು ಅನ್ನಿ.

ಹಳೆಯ ಬ್ಯಾಟರಿಗಳಲ್ಲಿ ಒಂದು ಅನುಕೂಲ ಇತ್ತು. ಪ್ರತಿ ಕೋಶಕ್ಕೂ ಒಂದು ಮುಚ್ಚಳ. ತೆಗೆದು ಹೈಡ್ರೋಮೀಟರ್ ಇಳಿಸಿದರೆ ಆಮ್ಲದ ಸಾಂದ್ರತೆಯೇ ಹೇಳುತ್ತಿತ್ತು: ಸುಮಾರು 1.27 ಇದ್ದರೆ ಹೊಟ್ಟೆ ತುಂಬಿದೆ, 1.12ರ ಹತ್ತಿರ ಬಂದರೆ ಖಾಲಿ. ಯಾವ ಕೋಶಕ್ಕೆ ಜ್ವರ ಅಂತ ಒಂದೊಂದನ್ನೇ ಕೇಳಬಹುದಿತ್ತು. 2001ರಲ್ಲಿ ಬಂದ ನಮ್ಮ ಬೆಂಗಳೂರಿನ ರೇವಾ ಕಾರಿನಲ್ಲೂ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು.

1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಗೆ ಮುಚ್ಚಳವೇ ಇಲ್ಲ. ತೂಕ ಇಳಿಯಿತು, ಒಳಗಿನ ಮಾತು ಮಾತ್ರ ಕೇಳಿಸದಾಯಿತು.

ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯನನ್ನು ಊರಿಗೆ ಕರೆದೊಯ್ದೆ. ಅಪ್ಪನ ಬ್ಯಾಟರಿಯಲ್ಲಿ 13 ಗುಂಪುಗಳು ಸಾಲಾಗಿ ಇವೆ. ಪ್ರತಿ ಗುಂಪಿನಿಂದ ರಕ್ಷಣಾ ಸರ್ಕ್ಯೂಟಿಗೆ ಹೋಗುವ ಸಣ್ಣ ತಂತಿಗಳಲ್ಲಿ ಅಳೆದೆವು. ಹನ್ನೆರಡರಲ್ಲಿ 4.15 ವೋಲ್ಟ್, ಏಳನೆಯದರಲ್ಲಿ 3.7. ಕೂಡಿದರೆ ಅದೇ 53.5! ಆಮೇಲೆ ಕಾರಿನ ನಾಲ್ಕು ಹೆಡ್‌ಲೈಟ್ ಬಲ್ಬುಗಳನ್ನು ಸಾಲಾಗಿ ಜೋಡಿಸಿ ಉರಿಸಿದೆವು. ಹತ್ತೇ ನಿಮಿಷದಲ್ಲಿ ಏಳನೆಯದು 3ಕ್ಕಿಂತ ಕೆಳಗೆ ಜಾರಿತು, ಸರ್ಕ್ಯೂಟ್ ಎಲ್ಲವನ್ನೂ ಬಂದ್ ಮಾಡಿತು. ಒಬ್ಬ ಕುಸಿದರೆ ಹನ್ನೆರಡು ಜನರೂ ನಿಲ್ಲಬೇಕು. (ಗೊತ್ತಿಲ್ಲದವರು ದಯವಿಟ್ಟು ಬ್ಯಾಟರಿ ಬಿಚ್ಚಬೇಡಿ. ತಂತಿ ತಾಗಿದರೆ ಬೆಂಕಿಯೇ ಗತಿ.)

ಹದಿಮೂರು ಅಂಕಿಗಳನ್ನು ಹಾಳೆಯಲ್ಲಿ ಬರೆದು ಅಂಗಡಿಯವರ ಮುಂದಿಟ್ಟೆ. ಅವರು ಮಾತಾಡಲಿಲ್ಲ. ಮೂರು ವಾರಕ್ಕೆ ಬ್ಯಾಟರಿ ಬದಲಾಯಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ ಅಪ್ಪಾ?" ಅಂತ ಕೇಳಿದೆ.

"ಮೀಟರೇ ಸರಿ ಇದೆ ಅಂತಿತ್ತಲ್ಲ ಮಾರಾಯ, ನನಗೇ ಶಕ್ತಿ ಸಾಲದು ಅಂದ್ಕೊಂಡೆ" ಅಂದರು.

ನಿಮ್ಮ ಮನೆಯಲ್ಲೂ ಹೀಗೆ ಸುಮ್ಮನೆ ತಳ್ಳಿಕೊಂಡು ಹೋಗುವವರು ಇದ್ದಾರಾ? ಒಮ್ಮೆ ಕೇಳಿ ನೋಡಿ.