ಎಚ್.ಐ.ವಿ. ಔಷಧ ಅನುಪಾಲನೆ

ಎಚ್.ಐ.ವಿ. ಔಷಧ ಅನುಪಾಲನೆ ಎಂದರೆ ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿರುವವರು ತಮಗೆ ಸೂಚಿಸಲಾದ ಆಂಟಿರೆಟ್ರೋವೈರಲ್ ಔಷಧಗಳನ್ನು ನಿಗದಿತ ಪ್ರಮಾಣದಲ್ಲಿ, ನಿಗದಿತ ವೇಳೆಗೆ, ನಡುವೆ ನಿಲ್ಲಿಸದೆ ಜೀವನಪರ್ಯಂತ ಸೇವಿಸುವುದು. ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ಎಆರ್‌ಟಿ ಎಂದು ಕರೆಯಲಾಗುತ್ತದೆ. ಎಆರ್‌ಟಿ ವೈರಾಣುವನ್ನು ದೇಹದಿಂದ ಸಂಪೂರ್ಣವಾಗಿ ತೊಡೆದುಹಾಕುವುದಿಲ್ಲ. ಅದರ ವೃದ್ಧಿಯನ್ನು ತಡೆಹಿಡಿಯುತ್ತದೆ. ಆದ್ದರಿಂದ ಔಷಧದ ಫಲವು ಅದರ ಗುಣವನ್ನು ಎಷ್ಟು ಅವಲಂಬಿಸಿದೆಯೋ ಅದರ ನಿರಂತರ ಸೇವನೆಯನ್ನೂ ಅಷ್ಟೇ ಅವಲಂಬಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯು ದೀರ್ಘಕಾಲೀನ ಚಿಕಿತ್ಸೆಗಳ ಅನುಪಾಲನೆಯನ್ನು ರೋಗಿಯೊಬ್ಬರ ಶಿಸ್ತಿನ ಪ್ರಶ್ನೆ ಎಂದು ಮಾತ್ರ ನೋಡದೆ, ಆರೋಗ್ಯ ವ್ಯವಸ್ಥೆ, ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ, ರೋಗ, ಚಿಕಿತ್ಸೆ ಹಾಗೂ ರೋಗಿ ಎಂಬ ಐದು ಆಯಾಮಗಳಲ್ಲಿ ವಿವರಿಸಿತು.

ಮಹತ್ವ

ಔಷಧವನ್ನು ನಿಲ್ಲಿಸಿದಾಗ ಜೀವಕೋಶಗಳಲ್ಲಿ ಸುಪ್ತವಾಗಿರುವ ವೈರಾಣುಗಳು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ವೃದ್ಧಿಯಾಗತೊಡಗುತ್ತವೆ. ಸಿಡಿ-4 ಕೋಶಗಳ ಸಂಖ್ಯೆ ಇಳಿಯುತ್ತದೆ. ಕ್ಷಯದಂತಹ ಅವಕಾಶವಾದಿ ಸೋಂಕುಗಳಿಗೆ ದಾರಿಯಾಗುತ್ತದೆ. ಆರೋಗ್ಯ ಉತ್ತಮವಾಗಿರುವಾಗ ಚಿಕಿತ್ಸೆಗೆ ಬಿಡುವು ಕೊಡಬಹುದೇ ಎಂಬುದನ್ನು ಪರೀಕ್ಷಿಸಿದ ಸ್ಮಾರ್ಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 5,472 ಜನರು ಭಾಗವಹಿಸಿದ್ದರು. ಸಿಡಿ-4 ಸಂಖ್ಯೆಯನ್ನು ಆಧರಿಸಿ ಔಷಧವನ್ನು ನಿಲ್ಲಿಸಿ ಮತ್ತೆ ಆರಂಭಿಸಿದವರಲ್ಲಿ, ನಿರಂತರವಾಗಿ ಸೇವಿಸಿದವರಿಗಿಂತ ಹೆಚ್ಚಿನ ಕಾಯಿಲೆ ಮತ್ತು ಸಾವು ಕಂಡುಬಂದವು ಎಂದು 2006ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಿಳಿಸಿತು.

ಅನಿಯಮಿತ ಸೇವನೆಯ ಇನ್ನೊಂದು ಅಪಾಯ ಔಷಧ ನಿರೋಧಕತೆ. ರಕ್ತದಲ್ಲಿ ಔಷಧದ ಮಟ್ಟ ಕಡಿಮೆಯಾದರೂ ಪೂರ್ಣವಾಗಿ ಇಲ್ಲವಾಗದಿದ್ದಾಗ, ಆ ಔಷಧಕ್ಕೆ ಬಗ್ಗದ ರೂಪಾಂತರಿತ ವೈರಾಣುಗಳು ಉಳಿದು ಬೆಳೆಯುತ್ತವೆ. ಅನಂತರ ಎರಡನೆಯ ಅಥವಾ ಮೂರನೆಯ ಹಂತದ ಔಷಧಗಳು ಬೇಕಾಗುತ್ತವೆ. ಇದಕ್ಕೆ ವಿರುದ್ಧವಾಗಿ, ನಿಯಮಿತ ಸೇವನೆಯಿಂದ ರಕ್ತದಲ್ಲಿನ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಗರ್ಭಿಣಿಯರಲ್ಲಿ ಶಿಶುವಿಗೆ ಸೋಂಕು ತಗಲುವ ಸಾಧ್ಯತೆಯೂ ಬಹಳ ಕಡಿಮೆಯಾಗುತ್ತದೆ. ಇದನ್ನು ತಿಳಿದುಕೊಳ್ಳುವುದು ಅನೇಕರಿಗೆ ಔಷಧ ಮುಂದುವರಿಸಲು ಪ್ರಬಲ ಪ್ರೇರಣೆಯಾಗಿದೆ.

ಇತಿಹಾಸ

ಮೊದಲ ಎಚ್.ಐ.ವಿ. ಔಷಧವಾದ ಜಿಡೋವುಡಿನ್‌ಗೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ದೊರೆಯಿತು. ಆರಂಭದಲ್ಲಿ ಅದನ್ನು ರಾತ್ರಿಯೂ ಎದ್ದು ನಾಲ್ಕು ಗಂಟೆಗೊಮ್ಮೆ ಸೇವಿಸಬೇಕಾಗಿತ್ತು. 1996ರ ಸುಮಾರಿಗೆ ಮೂರು ಔಷಧಗಳ ಸಂಯೋಜಿತ ಚಿಕಿತ್ಸೆ ಬಳಕೆಗೆ ಬಂದು ಮರಣ ಪ್ರಮಾಣ ಇಳಿಯಿತಾದರೂ ಅದರ ಕಟ್ಟುಪಾಡುಗಳು ಕಠಿಣವಾಗಿದ್ದವು. ಉದಾಹರಣೆಗೆ, ಇಂಡಿನಾವಿರ್ ಔಷಧವನ್ನು ಎಂಟು ಗಂಟೆಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಹೆಚ್ಚು ನೀರಿನೊಂದಿಗೆ ಸೇವಿಸಬೇಕಾಗಿತ್ತು.

ಅಂದಿನ ಔಷಧಗಳ ಮೇಲೆ ನಡೆದು 2000ರಲ್ಲಿ ಪ್ರಕಟವಾದ, 81 ರೋಗಿಗಳ ಅಧ್ಯಯನವೊಂದು ಶೇ. 95 ಎಂಬ ಪ್ರಸಿದ್ಧ ಅಳತೆಗೋಲಿಗೆ ಕಾರಣವಾಯಿತು. ಶೇ. 95 ಅಥವಾ ಅದಕ್ಕಿಂತ ಹೆಚ್ಚು ಡೋಸ್‌ಗಳನ್ನು ಸೇವಿಸಿದವರಲ್ಲಿ ಶೇ. 22ರಷ್ಟು ಮಂದಿಯಲ್ಲಿ ಚಿಕಿತ್ಸೆ ವಿಫಲವಾದರೆ, ಶೇ. 80ಕ್ಕಿಂತ ಕಡಿಮೆ ಸೇವಿಸಿದವರಲ್ಲಿ ಶೇ. 80ರಷ್ಟು ಮಂದಿಯಲ್ಲಿ ವಿಫಲವಾಗಿತ್ತು. ದಿನಕ್ಕೆ ಎರಡು ಡೋಸ್‌ಗಳಂತೆ ತಿಂಗಳಿಗೆ 60 ಡೋಸ್‌ಗಳಿದ್ದರೆ, ಶೇ. 95 ಎಂದರೆ ಮೂರಕ್ಕಿಂತ ಹೆಚ್ಚು ತಪ್ಪಬಾರದು ಎಂದರ್ಥ. ಇಂದಿನ ಔಷಧಗಳು ಅಲ್ಪಸ್ವಲ್ಪ ತಪ್ಪುವಿಕೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ. ಆದರೂ ಒಂದೂ ಡೋಸ್ ತಪ್ಪದಿರಲಿ ಎಂಬುದೇ ಚಿಕಿತ್ಸೆಯ ಗುರಿಯಾಗಿ ಉಳಿದಿದೆ.

ಅಡ್ಡಿಯಾಗುವ ಅಂಶಗಳು

ಮರೆವು ರೋಗಿಗಳು ಸಾಮಾನ್ಯವಾಗಿ ಹೇಳುವ ಕಾರಣ. ಆದರೆ ಮರೆವಿನ ಹಿಂದೆ ಅನೇಕ ವೇಳೆ ಬೇರೆ ಸಂಗತಿಗಳಿರುತ್ತವೆ.

ಕಳಂಕ ಮತ್ತು ಗೌಪ್ಯತೆ: ಸೋಂಕಿನ ವಿಷಯವನ್ನು ಮನೆಯವರಿಗೆ ತಿಳಿಸದವರು ಎಲ್ಲರೆದುರು ಔಷಧ ಸೇವಿಸಲಾರರು. ಮದುವೆ, ಜಾತ್ರೆ, ಪ್ರಯಾಣ, ನೆಂಟರ ಆಗಮನ ಮುಂತಾದ ಸಂದರ್ಭಗಳಲ್ಲಿ ಡೋಸ್‌ಗಳು ತಪ್ಪುತ್ತವೆ. ಪರಿಚಿತರು ನೋಡಿಯಾರು ಎಂಬ ಭಯದಿಂದ ಹತ್ತಿರದ ಕೇಂದ್ರವನ್ನು ಬಿಟ್ಟು ದೂರದ ಕೇಂದ್ರಕ್ಕೆ ಹೋಗುವವರೂ ಇದ್ದಾರೆ.

ಬಡತನ ಮತ್ತು ದೂರ: ಔಷಧ ಉಚಿತವಾಗಿದ್ದರೂ ಬಸ್ ದರ ಮತ್ತು ಒಂದು ದಿನದ ಕೂಲಿ ಕೈತಪ್ಪುವ ನಷ್ಟ ರೋಗಿಯ ಮೇಲೆಯೇ ಬೀಳುತ್ತದೆ. ಕೆಲಸ ಅರಸಿ ಗುಳೆ ಹೋಗುವವರಲ್ಲಿ ಔಷಧದ ಸರಪಳಿ ಸುಲಭವಾಗಿ ತುಂಡಾಗುತ್ತದೆ. ಹಸಿದ ಹೊಟ್ಟೆಯಲ್ಲಿ ಔಷಧ ಸೇವಿಸಿದರೆ ಸಂಕಟವಾಗುತ್ತದೆ ಎಂದು ಊಟವಿಲ್ಲದ ದಿನ ಔಷಧವನ್ನೂ ಬಿಡುವುದುಂಟು.

ಅಡ್ಡಪರಿಣಾಮಗಳು: ಸ್ಟಾವುಡಿನ್‌ನಿಂದ ಮುಖದ ಕೊಬ್ಬು ಕರಗುವುದು ಮತ್ತು ಪಾದಗಳಲ್ಲಿ ಉರಿ, ಜಿಡೋವುಡಿನ್‌ನಿಂದ ರಕ್ತಹೀನತೆ, ಎಫಾವಿರೆನ್ಜ್‌ನಿಂದ ತಲೆಸುತ್ತು ಮತ್ತು ವಿಚಿತ್ರ ಕನಸುಗಳು ಉಂಟಾಗುತ್ತಿದ್ದವು. ಕೆನ್ನೆ ಒಳಸೇರಿದ ಮುಖವೇ ರೋಗವನ್ನು ಊರಿಗೆ ತಿಳಿಸುತ್ತದೆ ಎಂಬ ಅಂಜಿಕೆಯೂ ಇತ್ತು. ಸ್ಟಾವುಡಿನ್ ಬಳಕೆಯನ್ನು ಕ್ರಮೇಣ ನಿಲ್ಲಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಲಹೆ ನೀಡಿತು.

ಮಾನಸಿಕ ಸ್ಥಿತಿ ಮತ್ತು ಮದ್ಯಪಾನ: ಖಿನ್ನತೆಯು ಅನುಪಾಲನೆಯನ್ನು ಕುಗ್ಗಿಸುತ್ತದೆ ಎಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಮದ್ಯ ಸೇವಿಸಿದ ದಿನ ಔಷಧ ಸೇವಿಸಿದರೆ ವಿಷವಾಗುತ್ತದೆ ಎಂಬ ನಂಬಿಕೆಯಿಂದ ಬೇಕೆಂದೇ ಡೋಸ್ ಬಿಡುವವರಿದ್ದಾರೆ. ಮದ್ಯ ಆರೋಗ್ಯಕ್ಕೆ ಹಾನಿಕರವೇ ಆದರೂ ಆ ಕಾರಣಕ್ಕೆ ಎಆರ್‌ಟಿಯನ್ನು ತಪ್ಪಿಸಬಾರದೆಂದು ಆಪ್ತಸಮಾಲೋಚಕರು ತಿಳಿಸುತ್ತಾರೆ.

ನೆರವಾಗುವ ಕ್ರಮಗಳು

ಸರಳ ಔಷಧ ಕ್ರಮ

ಗುಳಿಗೆಗಳ ಸಂಖ್ಯೆ ಕಡಿಮೆಯಾದಷ್ಟೂ ಅನುಪಾಲನೆ ಸುಲಭ. ಮೂರು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ದಿನಕ್ಕೊಮ್ಮೆ ಸೇವಿಸುವ ಕ್ರಮಕ್ಕೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ದೊರೆಯಿತು. ಇದಕ್ಕೂ ಮೊದಲೇ, 2001ರಲ್ಲಿ, ಭಾರತದ ಸಿಪ್ಲಾ ಸಂಸ್ಥೆಯು ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ ಸುಮಾರು 350 ಡಾಲರ್‌ಗಳಿಗೆ ಒದಗಿಸಲು ಮುಂದಾದದ್ದು ಬಡ ರಾಷ್ಟ್ರಗಳಲ್ಲಿ ಚಿಕಿತ್ಸೆಯ ವಿಸ್ತರಣೆಗೆ ನೆರವಾಯಿತು. ಇಂದು ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಟೆನೊಫೊವಿರ್, ಲಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಒಳಗೊಂಡ ಟಿಎಲ್‌ಡಿ ಎಂಬ ಒಂದೇ ಗುಳಿಗೆಯು ಪ್ರಥಮ ಆಯ್ಕೆಯಾಗಿದೆ. ಇದರ ಅಡ್ಡಪರಿಣಾಮಗಳು ಹಳೆಯ ಔಷಧಗಳಿಗಿಂತ ಕಡಿಮೆ. ಡೊಲುಟೆಗ್ರಾವಿರ್‌ಗೆ ನಿರೋಧಕತೆಯೂ ಸುಲಭವಾಗಿ ಬೆಳೆಯುವುದಿಲ್ಲ.

ಆಪ್ತಸಮಾಲೋಚನೆ ಮತ್ತು ದಿನಚರಿ

ಚಿಕಿತ್ಸೆ ಆರಂಭಿಸುವ ಮುನ್ನ ಔಷಧದ ಕಾರ್ಯ, ಅಡ್ಡಪರಿಣಾಮಗಳು ಮತ್ತು ವೇಳೆಯನ್ನು ವಿವರಿಸಲಾಗುತ್ತದೆ. ರಾತ್ರಿಯ ಊಟ, ಹಲ್ಲುಜ್ಜುವುದು ಅಥವಾ ನಿತ್ಯ ನೋಡುವ ಧಾರಾವಾಹಿಯಂತಹ ತಪ್ಪದ ಅಭ್ಯಾಸಕ್ಕೆ ಗುಳಿಗೆಯನ್ನು ಜೋಡಿಸಿಕೊಳ್ಳುವುದು, ವಾರದ ದಿನಗಳನ್ನು ನಮೂದಿಸಿದ ಗುಳಿಗೆ ಡಬ್ಬಿ ಬಳಸುವುದು, ಪ್ರಯಾಣಕ್ಕೆ ಹೆಚ್ಚುವರಿ ಗುಳಿಗೆಗಳನ್ನು ಒಯ್ಯುವುದು ಸಾಮಾನ್ಯ ಸಲಹೆಗಳು. ಡೋಸ್ ತಪ್ಪಿದುದನ್ನು ಅಂಜದೆ ಹೇಳಿಕೊಳ್ಳುವ ವಾತಾವರಣವಿಲ್ಲದಿದ್ದರೆ ರೋಗಿಗಳು ಅದನ್ನು ಮರೆಮಾಚುತ್ತಾರೆ; ಆಗ ನಿಜವಾದ ಕಾರಣ ತಿಳಿಯುವುದೇ ಇಲ್ಲ.

ಮೊಬೈಲ್ ಸಂದೇಶಗಳು

ಕೀನ್ಯಾದಲ್ಲಿ 538 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ವೆಲ್‌ಟೆಲ್ ಪ್ರಯೋಗದಲ್ಲಿ, ವಾರಕ್ಕೊಮ್ಮೆ ‘ಹೇಗಿದ್ದೀರಿ?’ ಎಂಬರ್ಥದ ‘ಮಾಂಬೊ?’ ಎಂಬ ಸ್ವಾಹಿಲಿ ಸಂದೇಶ ಕಳುಹಿಸಲಾಗುತ್ತಿತ್ತು. ತೊಂದರೆಯಿದೆ ಎಂದವರಿಗೆ ಮತ್ತು 48 ಗಂಟೆಗಳೊಳಗೆ ಉತ್ತರಿಸದವರಿಗೆ ದಾದಿಯರು ಕರೆ ಮಾಡುತ್ತಿದ್ದರು. ಸಂದೇಶ ಪಡೆದವರಲ್ಲಿ ಶೇ. 62ರಷ್ಟು, ಪಡೆಯದವರಲ್ಲಿ ಶೇ. 50ರಷ್ಟು ಮಂದಿ ಉತ್ತಮ ಅನುಪಾಲನೆಯನ್ನು ವರದಿ ಮಾಡಿದರು. ಕೀನ್ಯಾದ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೊಮ್ಮೆ ಕಳುಹಿಸಿದ ಸಂದೇಶ ಫಲ ನೀಡಿತು, ಪ್ರತಿದಿನದ ಸಂದೇಶ ನೀಡಲಿಲ್ಲ.

ಆದರೆ ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ 631 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ವಯಂಚಾಲಿತ ಧ್ವನಿ ಕರೆ ಮತ್ತು ಚಿತ್ರ ಸಂದೇಶಗಳಿಂದ ಚಿಕಿತ್ಸೆಯ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಹೀಗಾಗಿ ಒಂದು ದೇಶದಲ್ಲಿ ಯಶಸ್ವಿಯಾದ ವಿಧಾನವು ಇನ್ನೊಂದೆಡೆಯೂ ಹಾಗೆಯೇ ಫಲಿಸುತ್ತದೆ ಎನ್ನಲಾಗದು.

ಸಮುದಾಯದ ಬೆಂಬಲ

ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಬಳಿಯ ಖಾಯೆಲಿಟ್ಶಾದಲ್ಲಿ 2007ರಲ್ಲಿ ಅನುಪಾಲನಾ ಕ್ಲಬ್‌ಗಳು ಆರಂಭವಾದವು. ಸ್ಥಿರ ಆರೋಗ್ಯದ 25ರಿಂದ 30 ಮಂದಿ ಎರಡು ತಿಂಗಳಿಗೊಮ್ಮೆ ಸೇರಿ, ಮೊದಲೇ ಕಟ್ಟಿಟ್ಟ ಔಷಧವನ್ನು ಪಡೆದು, ಪರಸ್ಪರ ಅನುಭವ ಹಂಚಿಕೊಳ್ಳುತ್ತಾರೆ. ಕ್ಲಬ್ ಸದಸ್ಯರಲ್ಲಿ ಶೇ. 97ರಷ್ಟು ಮಂದಿ ಚಿಕಿತ್ಸೆಯಲ್ಲಿ ಉಳಿದರೆ, ಸಾಮಾನ್ಯ ಚಿಕಿತ್ಸಾಲಯಕ್ಕೆ ಬರುತ್ತಿದ್ದವರಲ್ಲಿ ಶೇ. 85ರಷ್ಟು ಮಂದಿ ಉಳಿದರೆಂದು 2013ರ ಅಧ್ಯಯನವೊಂದು ತಿಳಿಸಿತು. ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದಲ್ಲಿ 2008ರಿಂದ ಆರು ಜನರವರೆಗಿನ ಗುಂಪುಗಳಲ್ಲಿ ಸರದಿಯಂತೆ ಒಬ್ಬರು ಚಿಕಿತ್ಸಾಲಯಕ್ಕೆ ಹೋಗಿ ಎಲ್ಲರ ಔಷಧ ತರುವ ಪದ್ಧತಿ ನಡೆದುಬಂದಿತು. ಇದರಿಂದ ಪ್ರಯಾಣದ ವೆಚ್ಚ ಹಂಚಿಹೋಗುತ್ತದೆ.

ಮಕ್ಕಳು ಮತ್ತು ಹದಿಹರೆಯದವರು

ಮಕ್ಕಳಲ್ಲಿ ಅನುಪಾಲನೆಯು ಪಾಲಕರನ್ನು ಅವಲಂಬಿಸುತ್ತದೆ. ತೂಕ ಹೆಚ್ಚಿದಂತೆ ಡೋಸ್ ಬದಲಾಗುತ್ತದೆ. ಲೊಪಿನಾವಿರ್ ದ್ರವೌಷಧದಂತಹ ಕಹಿ ಔಷಧವನ್ನು ಮಕ್ಕಳು ಉಗುಳುತ್ತಾರೆ. ನೀರಿನಲ್ಲಿ ಕರಗುವ ಡೊಲುಟೆಗ್ರಾವಿರ್ ಗುಳಿಗೆಗಳು ಈ ಕಷ್ಟವನ್ನು ಕಡಿಮೆ ಮಾಡಿವೆ. ಸೋಂಕಿನ ವಿಷಯ ತಿಳಿಯದೆ ಔಷಧ ಸೇವಿಸುತ್ತಾ ಬೆಳೆದ ಮಕ್ಕಳು ಹದಿಹರೆಯದಲ್ಲಿ ಅದನ್ನು ನಿರಾಕರಿಸುವುದುಂಟು. ಆದ್ದರಿಂದ ವಯಸ್ಸಿಗೆ ತಕ್ಕಂತೆ ಹಂತಹಂತವಾಗಿ ವಿಷಯ ತಿಳಿಸಬೇಕೆಂದು ಸಲಹೆ ನೀಡಲಾಗುತ್ತದೆ.

ಭಾರತದಲ್ಲಿ

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು (ನ್ಯಾಕೋ) 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಕಾರ್ಯಕ್ರಮವನ್ನು ಆರಂಭಿಸಿತು. ಮೊದಲ ಹಂತದಲ್ಲಿ ಸೇರಿದ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೂರದ ಊರುಗಳವರಿಗಾಗಿ ಲಿಂಕ್ ಎಆರ್‌ಟಿ ಕೇಂದ್ರಗಳಿವೆ. ಭೇಟಿಯ ವೇಳೆ ಉಳಿದ ಗುಳಿಗೆಗಳನ್ನು ಎಣಿಸಿ ಅನುಪಾಲನೆಯನ್ನು ಲೆಕ್ಕಹಾಕಲಾಗುತ್ತದೆ. ವೈರಲ್ ಲೋಡ್ ಪರೀಕ್ಷೆಯು ಹೆಚ್ಚು ನಂಬಲರ್ಹವಾದ ಅಳತೆ. ಊರು ಬದಲಿಸುವವರು ಬೇರೆ ಕೇಂದ್ರಕ್ಕೆ ವರ್ಗಾವಣೆ ಪಡೆಯಬಹುದು. 2020ರ ಕೋವಿಡ್ ಲಾಕ್‌ಡೌನ್ ಸಮಯದಲ್ಲಿ ಹಲವು ತಿಂಗಳ ಔಷಧವನ್ನು ಒಮ್ಮೆಗೇ ನೀಡುವ ಕ್ರಮ ವಿಸ್ತರಿಸಿತು.

2017ರ ಎಚ್.ಐ.ವಿ. ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆಯು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿತು. ಉದ್ಯೋಗ, ಶಿಕ್ಷಣ, ಆರೋಗ್ಯ ಸೇವೆ ಮತ್ತು ವಸತಿಯಲ್ಲಿ ತಾರತಮ್ಯವನ್ನು ಅದು ನಿಷೇಧಿಸುತ್ತದೆ, ಸೋಂಕಿನ ಮಾಹಿತಿಯ ಗೌಪ್ಯತೆಯನ್ನು ರಕ್ಷಿಸುತ್ತದೆ. ಗುಟ್ಟು ಬಯಲಾಗುವ ಭಯವೇ ಔಷಧ ತಪ್ಪಲು ಕಾರಣವಾಗಿರುವಲ್ಲಿ ಈ ರಕ್ಷಣೆಯು ಚಿಕಿತ್ಸೆಯ ಭಾಗವೂ ಆಗುತ್ತದೆ.

ದೀರ್ಘಕಾಲ ಕೆಲಸಮಾಡುವ ಚುಚ್ಚುಮದ್ದು

ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಚುಚ್ಚುಮದ್ದುಗಳನ್ನು ಒಂದು ಅಥವಾ ಎರಡು ತಿಂಗಳಿಗೊಮ್ಮೆ ನೀಡಲಾಗುತ್ತದೆ. ಅಮೆರಿಕದಲ್ಲಿ ಇವುಗಳಿಗೆ 2021ರಲ್ಲಿ ಅನುಮತಿ ದೊರೆಯಿತು. ಗುಳಿಗೆಗಳನ್ನು ನಿಯಮಿತವಾಗಿ ಸೇವಿಸಲು ಕಷ್ಟಪಟ್ಟಿದ್ದವರ ಮೇಲೆ ನಡೆದ ಲ್ಯಾಟಿಟ್ಯೂಡ್ ಪ್ರಯೋಗದಲ್ಲಿ ಚುಚ್ಚುಮದ್ದು ಗುಳಿಗೆಗಿಂತ ಉತ್ತಮ ಫಲ ನೀಡಿತೆಂದು 2024ರಲ್ಲಿ ವರದಿಯಾಯಿತು. ಮನೆಯಲ್ಲಿ ಔಷಧವನ್ನು ಬಚ್ಚಿಡಬೇಕಾದ ಅಗತ್ಯವನ್ನು ಇದು ನಿವಾರಿಸುತ್ತದೆ. ಆದರೆ ಚುಚ್ಚುಮದ್ದಿನ ದಿನ ತಪ್ಪಿದರೆ ನಿರೋಧಕತೆ ಬೆಳೆಯಬಹುದು. ರಿಲ್ಪಿವಿರಿನ್ ಚುಚ್ಚುಮದ್ದನ್ನು ಶೀತಲೀಕರಣದಲ್ಲಿ ಇಡಬೇಕಾಗುತ್ತದೆ. ಆದ್ದರಿಂದ ಈ ವಿಧಾನದಲ್ಲಿಯೂ ಸಕಾಲಿಕ ಭೇಟಿ, ತಲುಪಬಹುದಾದ ಚಿಕಿತ್ಸಾಲಯ ಮತ್ತು ನಿರಂತರ ಪೂರೈಕೆಯ ಅಗತ್ಯ ಉಳಿಯುತ್ತದೆ.