ಬೆಂಕಿ ಬಿದ್ದಾಗ ತೋಡಿದ ಬಾವಿ



ನಮ್ಮ ಪಶ್ಚಿಮ ಬೆಂಗಳೂರಿಗೂ ವಾಹನಗಳಿಗೂ ನಿಕಟವಾದ ನಂಟುಂಟು. ಕೆಂಗೇರಿಯಲ್ಲಿ ಕೆಎಸ್‌ಆರ್‌ಟಿಸಿಯ ಕಾರ್ಯಾಗಾರವಿದೆ. ಅಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುತ್ತಾರೆ. ಅದೇ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಬಿಡದಿಯಲ್ಲಿ 1999ರಿಂದ ಟೊಯೋಟಾ ವಾಹನಗಳು ತಯಾರಾಗುತ್ತಿವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳ ಮುಂದೆ ಒಂದಲ್ಲ ಎರಡು ವಾಹನಗಳು ನಿಂತಿರುವ ಕಾಲವಿದು. ಚಾಲಕನು ತಪ್ಪು ಮಾಡಿದರೆ ಪೊಲೀಸರಿದ್ದಾರೆ. ತಪ್ಪು ವಾಹನದ ರಚನೆಯಲ್ಲಿಯೇ ಇದ್ದರೆ ಅದನ್ನು ತಿದ್ದುವವರು ಯಾರು? ತಿದ್ದುವಂತೆ ಮಾಡುವವರು ಯಾರು? ಈ ಪ್ರಶ್ನೆಗೊಂದು ಚರಿತ್ರೆಯಿದೆ.

ಆ ಚರಿತ್ರೆಯ ಮೊದಲ ಪುಟ ಅಮೆರಿಕದ್ದು. ರಾಲ್ಫ್ ನೇಡರ್ ಎಂಬ ತರುಣ ವಕೀಲರು 1965ರಲ್ಲಿ ಕಾರುಗಳ ಅಸುರಕ್ಷಿತ ವಿನ್ಯಾಸವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಅದರ ಮೊದಲ ಅಧ್ಯಾಯವೇ ಜನರಲ್ ಮೋಟಾರ್ಸ್ ಕಂಪನಿಯ ಕಾರ್ವೇರ್ ಕಾರನ್ನು ಕುರಿತದ್ದು. ಕಂಪನಿಯು ಅವರ ಹಿಂದೆ ಪತ್ತೇದಾರರನ್ನು ಬಿಟ್ಟಿತು. ಗುಟ್ಟು ರಟ್ಟಾಯಿತು, 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಶ್ ಅವರು ಸೆನೆಟ್ ಉಪಸಮಿತಿಯ ಮುಂದೆ ಬಹಿರಂಗವಾಗಿ ಕ್ಷಮೆ ಕೋರಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಹನ ಸುರಕ್ಷತೆಯ ಕಾನೂನು ಜಾರಿಗೆ ಬಂದಿತು. ಕಾನೂನು ಬಂದ ಮೇಲೂ ಹೋರಾಟ ಮುಗಿಯಲಿಲ್ಲ. ಫೋರ್ಡ್ ಕಂಪನಿಯ ಪಿಂಟೋ ಕಾರಿಗೆ ಹಿಂದಿನಿಂದ ಡಿಕ್ಕಿಯಾದಾಗ ಪೆಟ್ರೋಲ್ ಟ್ಯಾಂಕ್ ಒಡೆದು ಬೆಂಕಿ ಹತ್ತುತ್ತಿತ್ತು. ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಲು 1978ರವರೆಗೆ ಕಾಯಬೇಕಾಯಿತು. ಮಾಡಿದ ದುರಸ್ತಿಯಾದರೂ ಏನು? ಟ್ಯಾಂಕಿಗೊಂದು ಪ್ಲಾಸ್ಟಿಕ್ ರಕ್ಷಾಫಲಕ ಮತ್ತು ಇಂಧನ ತುಂಬುವ ಕೊಳವೆಯ ಸುಧಾರಣೆ!

ನಮ್ಮ ದೇಶದಲ್ಲಿ ಬಹುಕಾಲ ಇಂತಹ ನಿಯಮವೇ ಇರಲಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಒಬ್ಬ ಗ್ರಾಹಕನು ತನ್ನ ಒಂದು ವಾಹನಕ್ಕೆ ಪರಿಹಾರ ಕೇಳಬಹುದಾಗಿತ್ತು. ಅದೇ ದೋಷವಿರುವ ಉಳಿದ ಸಾವಿರಾರು ವಾಹನಗಳ ಗತಿ ಹಾಗೆಯೇ ಉಳಿಯುತ್ತಿತ್ತು. ಕೆಲವು ನ್ಯಾನೋ ಕಾರುಗಳಿಗೆ ಬೆಂಕಿ ಹತ್ತಿದಾಗ, 2010ರಲ್ಲಿ ಟಾಟಾ ಕಂಪನಿಯು ಸುಮಾರು 70 ಸಾವಿರ ಕಾರುಗಳಿಗೆ ಉಚಿತವಾಗಿ ಹೆಚ್ಚುವರಿ ರಕ್ಷಣೆ ಅಳವಡಿಸಲು ಮುಂದಾಯಿತು. ಆದರೆ ಅದನ್ನು ‘ರೀಕಾಲ್’ ಎಂದು ಕರೆಯಲು ಒಪ್ಪಲಿಲ್ಲ. ಒಂದು ಪದಕ್ಕೆ ಇಷ್ಟು ಅಂಜಿಕೆ ಏಕೆಂದರೆ, ಆ ಪದದೊಳಗೆ ತಪ್ಪೊಪ್ಪಿಗೆ ಅಡಗಿದೆ. 2012ರಲ್ಲಿ ತಯಾರಕರ ಸಂಘವಾದ ಸಿಯಾಮ್ ಒಂದು ರೀಕಾಲ್ ಸಂಹಿತೆಯನ್ನು ರೂಪಿಸಿತು. ಅದು ಸ್ವಯಂಪ್ರೇರಿತವಾದದ್ದು, ಕಡ್ಡಾಯವಲ್ಲ.

ಮರುವರ್ಷವೇ ಕನ್ನಡಿಗರ ಎದೆ ನಡುಗಿಸಿದ ಎರಡು ದುರಂತಗಳು ನಡೆದವು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೋ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಬಡಿದು ಹೊತ್ತಿ ಉರಿಯಿತು. 45 ಜನ ಬೆಂದುಹೋದರು. ಎರಡು ವಾರ ಕಳೆಯುವಷ್ಟರಲ್ಲಿ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಇನ್ನೊಂದು ವೋಲ್ವೋ ಬಸ್ಸು ಹಾವೇರಿಯ ಬಳಿ ಅದೇ ರೀತಿಯಲ್ಲಿ ಸುಟ್ಟು 7 ಜನ ಮೃತಪಟ್ಟರು. ನಿದ್ರೆಗಣ್ಣಿನ ಪ್ರಯಾಣಿಕರಿಗೆ ಇದ್ದದ್ದು ಮುಂದಿನ ಒಂದು ಬಾಗಿಲು. ಉಳಿದಂತೆ ಸುತ್ತಿಗೆಯಿಂದ ಗಾಜು ಒಡೆದು ಹಾರಬೇಕು. ಹೊಗೆ ತುಂಬಿದ ಕತ್ತಲಲ್ಲಿ ಸುತ್ತಿಗೆಯನ್ನು ಹುಡುಕುವವರು ಯಾರು?

ಆ ಬಸ್ಸುಗಳು ತಯಾರಾಗುತ್ತಿದ್ದದ್ದು ನಮ್ಮ ಹೊಸಕೋಟೆಯಲ್ಲಿಯೇ. ಚಾಲಕರ ವೇಗ, ಮಾಲೀಕರ ನಿರ್ಲಕ್ಷ್ಯ ಎಂಬ ಎಂದಿನ ಮಾತುಗಳ ಜೊತೆಗೆ ಈ ಬಾರಿ ಬೇರೊಂದು ಪ್ರಶ್ನೆಯೂ ಎದ್ದಿತು: ಡೀಸೆಲ್ ಟ್ಯಾಂಕ್ ಇರುವ ಸ್ಥಳ ಸರಿಯೇ? ತುರ್ತು ಬಾಗಿಲು ಏಕಿಲ್ಲ? ಆಂಧ್ರದ ಸಿಐಡಿ ತನಿಖೆಯೂ ವಿನ್ಯಾಸದ ಪ್ರಶ್ನೆಯನ್ನು ಎತ್ತಿತು. ತನ್ನ ಬಸ್ಸುಗಳು ನಿಯಮಾನುಸಾರವಾಗಿಯೇ ಇವೆ ಎಂಬುದು ಕಂಪನಿಯ ನಿಲುವಾಗಿತ್ತು. ಇಲ್ಲಿಯೇ ಇರುವುದು ಸೂಕ್ಷ್ಮ. ನಿಯಮವೇ ಕೊರತೆಯುಳ್ಳದ್ದಾದರೆ, ನಿಯಮಪಾಲನೆ ಪ್ರಾಣ ಉಳಿಸುವುದಿಲ್ಲ. ದೂರಪ್ರಯಾಣದ ಬಸ್ಸುಗಳ ಮತ್ತು ಶಾಲಾ ಬಸ್ಸುಗಳ ಪ್ರಯಾಣಿಕರ ವಿಭಾಗದಲ್ಲಿ ಅಗ್ನಿ ಎಚ್ಚರಿಕೆ ಮತ್ತು ಅಗ್ನಿರಕ್ಷಣಾ ವ್ಯವಸ್ಥೆ ಇರಬೇಕೆಂದು ಕೇಂದ್ರವು ಅಧಿಸೂಚನೆ ಹೊರಡಿಸಿದ್ದು 2022ರ ಜನವರಿಯಲ್ಲಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ಇಲ್ಲಿಗೆ ಸಾಲದು; ಬೆಂಕಿ ಆರಿ ಎಂಟು ವರ್ಷಗಳ ಮೇಲೆ ತೋಡಿದ ಬಾವಿಯಿದು. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಉರಿದು 19 ಪ್ರಯಾಣಿಕರು ಸತ್ತಾಗ, ಆ ಬಾವಿಯ ನೀರು ಇನ್ನೂ ಎಲ್ಲರಿಗೂ ತಲುಪಿಲ್ಲವೆಂಬುದು ತಿಳಿಯಿತು.

ಇದಕ್ಕೆ ಪ್ರತಿಯಾಗಿ ಒಂದು ಸಮಾಧಾನದ ಉದಾಹರಣೆಯೂ ನಮ್ಮ ನಗರದಲ್ಲಿದೆ. 2022ರ ಜನವರಿಯಲ್ಲಿ ಚಾಮರಾಜಪೇಟೆಯಲ್ಲಿಯೂ, ಫೆಬ್ರವರಿಯ ಆರಂಭದಲ್ಲಿ ಜಯನಗರದ ಸೌತ್ ಎಂಡ್ ವೃತ್ತದ ಬಳಿಯೂ ಬಿಎಂಟಿಸಿ ಬಸ್ಸುಗಳಿಗೆ ಬೆಂಕಿ ಹತ್ತಿತು. ಪ್ರಯಾಣಿಕರು ಪಾರಾದರು. ಎರಡೂ ಅಶೋಕ್ ಲೇಲ್ಯಾಂಡ್‌ನ ಮಿಡಿ ಬಸ್ಸುಗಳು. 2014ರಲ್ಲಿ ಕೊಂಡ ಒಂದೇ ಮಾದರಿಯವು. ಸಂಸ್ಥೆಯು ಇವನ್ನು ಬಿಡಿ ಅವಘಡಗಳೆಂದು ತಳ್ಳಿಹಾಕಲಿಲ್ಲ. ಆ ಮಾದರಿಯ 186 ಬಸ್ಸುಗಳನ್ನು ರಸ್ತೆಯಿಂದ ಹಿಂತೆಗೆದು, ಪರೀಕ್ಷಿಸುವಂತೆ ತಯಾರಕರನ್ನು ಕೇಳಿತು. ಯಾರ ಸಾವೂ ಸಂಭವಿಸುವ ಮೊದಲೇ, ಎರಡು ಘಟನೆಗಳ ನಡುವಿನ ಸಾಮ್ಯವನ್ನು ಗುರುತಿಸಿದ್ದು ಇಲ್ಲಿಯ ವಿವೇಕ. ಸಾಮ್ಯವನ್ನು ಗುರುತಿಸಲು ಪ್ರತಿಯೊಂದು ವಾಹನದ ದಾಖಲೆ ಇರಬೇಕು. ನೂರಾರು ಬಸ್ಸುಗಳ ಒಡೆತನವಿರುವ ಸಂಸ್ಥೆಗೆ ಅದು ಸಾಧ್ಯ. ಒಂದೇ ಕಾರಿನ ಒಡೆಯನಿಗೆ ಆ ಬಲವಿಲ್ಲ.

ಆ ಬಲವನ್ನು ಕೊಡಲೆಂದೇ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 110ಎ ಎಂಬ ಕಲಂ ಸೇರಿತು. ನಿಗದಿತ ಪ್ರಮಾಣದ ಮಾಲೀಕರು ದೂರಿತ್ತರೆ, ಕೇಂದ್ರ ಸರಕಾರವು ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಆಜ್ಞೆ ಮಾಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ. ಆದರೆ ನಿಯಮವು ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ. 2014ರ ಆ ಮಿಡಿ ಬಸ್ಸುಗಳು 2022ಕ್ಕೆ ಆ ಗಡಿಯನ್ನು ದಾಟಿದ್ದವು ಎಂಬುದನ್ನು ಗಮನಿಸಿ. ಹಳೆಯ ವಾಹನದಲ್ಲಿ ಓಡಾಡುವವರ ಪ್ರಾಣ ಅಗ್ಗವೇ?

ನ್ಯಾಯಾಲಯವೂ ಒಂದು ಹೆಜ್ಜೆ ಮುಂದಿಟ್ಟಿದೆ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದ ಹ್ಯುಂಡೈ ಕ್ರೆಟಾ ಕಾರಿನ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಾಹಕನ ಪರವಾಗಿ ತೀರ್ಪಿತ್ತಿತು. ಡಿಕ್ಕಿಯ ವೇಗ, ಬಲಗಳನ್ನು ಲೆಕ್ಕ ಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನೇ ಎಂಬುದು ಅದರ ವಿಚಾರಧಾಟಿ. ಆ ಪಾಠವನ್ನು ಅರೆನಿದ್ರೆಯಲ್ಲಿ ಕೇಳಿದ ನನ್ನ ಹಲವು ಶಿಷ್ಯರಿಗೆ ಇದರಿಂದ ನೆಮ್ಮದಿಯಾದೀತು!

ಕೊನೆಗೊಂದು ಮನೆಗೆಲಸ ಕೊಡದಿದ್ದರೆ ನಾನು ಮೇಷ್ಟ್ರು ಹೇಗಾದೇನು? ನಿಮ್ಮ ವಾಹನದ ಚಾಸಿಸ್ ಸಂಖ್ಯೆಯನ್ನು ಕೊಟ್ಟು, ಅದಕ್ಕೆ ರೀಕಾಲ್ ಇದೆಯೇ ಎಂದು ಕಂಪನಿಯನ್ನು ವಿಚಾರಿಸಿ; ದುರಸ್ತಿ ಉಚಿತ. ದೋಷ ಕಂಡರೆ ಸರ್ವಿಸ್ ಸ್ಟೇಷನ್ನಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಅವಧಿಯಿದೆ. ರಾತ್ರಿ ಬಸ್ಸು ಹತ್ತಿದೊಡನೆ ತುರ್ತು ಬಾಗಿಲು ಎಲ್ಲಿದೆ, ಸುತ್ತಿಗೆ ಎಲ್ಲಿದೆ ಎಂದು ಒಮ್ಮೆ ನೋಡಿ; ಇಲ್ಲದಿದ್ದರೆ ಕೇಳಿ. ಕೇಳಿದವರನ್ನು ಇತರರು ವಿಚಿತ್ರವಾಗಿ ನೋಡಬಹುದು. 1965ರಲ್ಲಿ ನೇಡರ್ ಅವರನ್ನೂ ಹಾಗೆಯೇ ನೋಡಿದ್ದರು.